ಕರಿದು ಉಳಿದ ಎಣ್ಣೆ ಎಲ್ಲಿಗೆ ಹೋಗಬೇಕು? ಭಜಿ ಅಂಗಡಿಯಿಂದ ಹೋಟೆಲ್‌ವರೆಗೆ ಅನ್ವಯಿಸುವ ನಿಯಮಗಳು

ಸಂಜೆಯಾಗುತ್ತಲೇ ಬೆಳಗಾವಿಯ ಖಡೇಬಜಾರಿನಿಂದ ಬಸ್ ನಿಲ್ದಾಣದ ಸುತ್ತಲಿನ ಗಾಡಿಗಳವರೆಗೆ ಸಾಲು ಸಾಲು ಬಾಣಲೆಗಳು ಒಲೆಯೇರುತ್ತವೆ. ಮಿರ್ಚಿ ಭಜಿ, ಕಾಂದಾ ಭಜಿ, ಬಟಾಟೆ ವಡೆ, ಸಮೋಸಾ, ಪೂರಿ ಎಲ್ಲವೂ ಅದೇ ಎಣ್ಣೆಯಲ್ಲಿ ಮುಳುಗಿ ಏಳುತ್ತವೆ. ಅಂಗಡಿ ಮುಚ್ಚುವ ಹೊತ್ತಿಗೆ ಪ್ರತಿ ಬಾಣಲೆಯಲ್ಲಿ ಒಂದಿಷ್ಟು ಎಣ್ಣೆ ಉಳಿದೇ ಉಳಿಯುತ್ತದೆ. ವಾಡಿಕೆಯಲ್ಲಿ ಅದಕ್ಕೆ ಮೂರು ದಾರಿಗಳಿವೆ: ಮರುದಿನದ ಬಾಣಲೆಗೆ ಸೇರುವುದು, ಅಗ್ಗದ ದರಕ್ಕೆ ಇನ್ನೊಬ್ಬ ಸಣ್ಣ ವ್ಯಾಪಾರಿಯ ಕೈಗೆ ಹೋಗುವುದು, ಇಲ್ಲವೇ ಚರಂಡಿ ಪಾಲಾಗುವುದು. ಇವುಗಳಲ್ಲಿ ಮೊದಲನೆಯದಕ್ಕೆ ಕಾನೂನು ಒಂದು ಮಿತಿ ಹಾಕಿದೆ, ಉಳಿದೆರಡಕ್ಕೆ ತಡೆ ಒಡ್ಡಿದೆ.

ಈ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸಬಹುದಾದ್ದರಿಂದ ಅದಕ್ಕೆ ಈಗ ಬೆಲೆಯೂ ಬಂದಿದೆ. ಬಳಸಿದ ಎಣ್ಣೆ ಕೊಳ್ಳುತ್ತೇವೆಂದು ಅಂಗಡಿ ಬಾಗಿಲಿಗೆ ಬರುವವರಿಗೆಲ್ಲ ಅದನ್ನು ಕೊಡಬಹುದೇ, ಯಾವ ಲೆಕ್ಕ ಬರೆದಿಡಬೇಕು, ಚಿಕ್ಕ ಗಾಡಿಯವರಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗಳು ಹೋಟೆಲ್, ಖಾನಾವಳಿ, ಬೇಕರಿ ನಡೆಸುವವರೆಲ್ಲರ ಮುಂದಿವೆ. ಅಲ್ಲಿ ತಿನ್ನುವವರಿಗೂ ಇದರ ಉತ್ತರ ತಿಳಿದಿರುವುದು ಒಳ್ಳೆಯದು.

ಎಣ್ಣೆ ಕೆಡುವುದು ಎಂದರೇನು

ತಾಜಾ ಅಡುಗೆ ಎಣ್ಣೆಯ ಬಹುಪಾಲು ಟ್ರೈಗ್ಲಿಸರೈಡ್ ಎಂಬ ಅಣುಗಳಿಂದ ಆಗಿರುತ್ತದೆ. ಒಂದು ಗ್ಲಿಸರಿನ್ ಬೆನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುವ ರಚನೆ ಅದು. ಎಣ್ಣೆಯನ್ನು ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅದರಲ್ಲಿ ಹಸಿ ಹಿಟ್ಟನ್ನು ಬಿಟ್ಟಾಗ ಮೂರು ಬಗೆಯ ಬದಲಾವಣೆಗಳು ಒಟ್ಟಿಗೇ ನಡೆಯುತ್ತವೆ. ಹಿಟ್ಟಿನ ನೀರು ಹಬೆಯಾಗುವಾಗ ಕೊಬ್ಬಿನಾಮ್ಲಗಳು ಬೆನ್ನಿನಿಂದ ಕಳಚಿಕೊಳ್ಳುತ್ತವೆ. ಗಾಳಿಯ ಆಮ್ಲಜನಕ ಎಣ್ಣೆಯೊಂದಿಗೆ ಸೇರಿ ಕಮಟು ವಾಸನೆಯ ಹೊಸ ಪದಾರ್ಥಗಳನ್ನು ಹುಟ್ಟಿಸುತ್ತದೆ. ಬಿಸಿಯ ಹೊಡೆತಕ್ಕೆ ಮುರಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆಯನ್ನು ಮಂದವಾಗಿಸುತ್ತವೆ. ಬಾಣಲೆಯ ಅಂಚಿಗೆ ಕಟ್ಟಿಕೊಳ್ಳುವ ಕಂದು ಬಣ್ಣದ ಅಂಟು ಈ ಹೆಣಿಗೆಯಿಂದಲೇ ಬಂದದ್ದು.

ಹೀಗೆ ಹುಟ್ಟಿದ ಪದಾರ್ಥಗಳನ್ನು ಒಟ್ಟಾಗಿ ಧ್ರುವೀಯ ಸಂಯುಕ್ತಗಳು ಎನ್ನುತ್ತಾರೆ. ಎಣ್ಣೆಯಲ್ಲಿ ಅವುಗಳ ಒಟ್ಟು ಪಾಲನ್ನು ಹೇಳುವ ಅಳತೆಗೆ ಟಿಪಿಸಿ ಎಂದು ಹೆಸರು. ಎಣ್ಣೆ ಎಷ್ಟರ ಮಟ್ಟಿಗೆ ಎಣ್ಣೆಯಾಗಿ ಉಳಿದಿಲ್ಲ ಎಂಬುದನ್ನು ಈ ಒಂದು ಅಂಕಿ ತಿಳಿಸುವುದರಿಂದಲೇ ಕಾನೂನು ಇದನ್ನು ಮಾನದಂಡವಾಗಿ ಆರಿಸಿಕೊಂಡಿದೆ.

ಎಲ್ಲ ಎಣ್ಣೆಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ ಎಂಬುದನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ವಿಜಯಪುರ ಮತ್ತು ಬಾಗಲಕೋಟೆಯ ಎರೆನೆಲದಲ್ಲಿ ಬೆಳೆಯುವ ಕುಸುಬೆಯ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲದ ಪಾಲು ಬಹಳ ಹೆಚ್ಚು. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿಯ ಮೇಲೆ ಹಸಿಯಾಗಿ ಹಾಕಿಕೊಳ್ಳಲು ಅದು ಸೊಗಸಾದ ಎಣ್ಣೆ. ಆದರೆ ಈ ಆಮ್ಲ ಆಮ್ಲಜನಕಕ್ಕೆ ಬೇಗ ಬಲಿಯಾಗುವುದರಿಂದ ಗಂಟೆಗಟ್ಟಲೆ ಕರಿಯುವ ಕೆಲಸವನ್ನು ಅದು ತಾಳಿಕೊಳ್ಳುವುದಿಲ್ಲ. ತಾಳೆ ಎಣ್ಣೆಯಲ್ಲಿ ಈ ಆಮ್ಲ ಕಡಿಮೆ ಇರುವುದರಿಂದ ಅದು ಹೆಚ್ಚು ಹೊತ್ತು ತಡೆಯುತ್ತದೆ. ಅಂಗಡಿಗಳು ಅದನ್ನು ನೆಚ್ಚಿಕೊಳ್ಳುವುದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಒಂದು ಕಾರಣ. ಹೆಚ್ಚು ಹೊತ್ತು ತಡೆಯುತ್ತದೆ ಎಂದರೆ ಎಂದಿಗೂ ಕೆಡುವುದಿಲ್ಲ ಎಂದಲ್ಲ.

ಶೇ 25ರ ಗೆರೆ

ದೇಶದಲ್ಲಿ ಆಹಾರದ ಗುಣಮಟ್ಟವನ್ನು ನಿಯಂತ್ರಿಸುವ ಮುಖ್ಯ ಕಾನೂನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರಡಿ ರಚನೆಯಾದ ಸಂಸ್ಥೆಯೇ ಎಫ್‌ಎಸ್‌ಎಸ್‌ಎಐ ಎಂದು ಎಲ್ಲರೂ ಕರೆಯುವ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ. ಆಹಾರ ವ್ಯಾಪಾರದ ಪರವಾನಗಿ ಮತ್ತು ನೋಂದಣಿಗೆ ಸಂಬಂಧಿಸಿದ 2011ರ ನಿಯಮಾವಳಿಗೆ 2017ರಲ್ಲಿ ತಿದ್ದುಪಡಿ ತಂದು, ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25ನ್ನು ಮೀರಿದ ಸಸ್ಯಜನ್ಯ ಎಣ್ಣೆಯನ್ನು ಬಳಸುವಂತಿಲ್ಲ ಎಂದು ಸೇರಿಸಲಾಯಿತು. ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ.

ಈ ಗೆರೆ ವ್ಯಾಪಾರದ ಗಾತ್ರವನ್ನು ನೋಡುವುದಿಲ್ಲ. ದೊಡ್ಡ ಹೋಟೆಲಿಗೂ ಅದೇ, ರಸ್ತೆ ಬದಿಯ ಒಂದೇ ಬಾಣಲೆಯ ಗಾಡಿಗೂ ಅದೇ. ಎಣ್ಣೆಯ ನಿಯಮವೆಲ್ಲ ದೊಡ್ಡವರಿಗೆ ಮಾತ್ರ ಎಂಬ ಮಾತು ವ್ಯಾಪಾರಿಗಳ ನಡುವೆ ಕೇಳಿಬರುವುದಕ್ಕೆ ಕಾರಣ, ಮುಂದೆ ಹೇಳಲಿರುವ 50 ಲೀಟರ್ ನಿಯಮವನ್ನು ಇದರೊಂದಿಗೆ ಬೆರೆಸಿಕೊಳ್ಳುವುದು. ಎರಡೂ ಬೇರೆ ಬೇರೆ. ಒಂದು ಎಣ್ಣೆಯ ಗುಣಕ್ಕೆ ಸಂಬಂಧಿಸಿದ್ದು, ಇನ್ನೊಂದು ಎಣ್ಣೆಯ ಲೆಕ್ಕಕ್ಕೆ ಸಂಬಂಧಿಸಿದ್ದು.

ಎಣ್ಣೆ ಶೇ 25 ದಾಟಿದೆಯೇ ಎಂದು ಬರಿಗಣ್ಣಿಗೆ ನಿಖರವಾಗಿ ತಿಳಿಯುವುದಿಲ್ಲ. ಬಿಸಿ ಎಣ್ಣೆಯಲ್ಲಿ ಅದ್ದಿ ನೋಡುವ ಕೈಯಳತೆಯ ಮೀಟರುಗಳಿವೆ. ಕೆಟ್ಟ ಎಣ್ಣೆಯ ವಿದ್ಯುತ್ ಗುಣ ತಾಜಾ ಎಣ್ಣೆಯದಕ್ಕಿಂತ ಬೇರೆಯಾಗಿರುವುದನ್ನು ಹಿಡಿದು ಅವು ಅಂಕಿಯನ್ನು ತೋರಿಸುತ್ತವೆ. ಪ್ರಯೋಗಾಲಯದಲ್ಲಾದರೆ ರಾಸಾಯನಿಕ ವಿಧಾನದಿಂದ ಧ್ರುವೀಯ ಭಾಗವನ್ನೇ ಬೇರ್ಪಡಿಸಿ ತೂಗುತ್ತಾರೆ. ಬಣ್ಣವೊಂದನ್ನೇ ನಂಬುವುದು ಸರಿಯಲ್ಲ. ಅರಿಸಿನ, ಖಾರದ ಪುಡಿ ಬಿದ್ದ ಎಣ್ಣೆ ಕೆಡುವ ಮೊದಲೇ ಕಪ್ಪಾಗಬಹುದು; ತಿಳಿಯಾಗಿ ಕಾಣುವ ಎಣ್ಣೆ ಒಳಗೇ ಕೆಟ್ಟಿರಬಹುದು. ಮೀಟರು ಇಲ್ಲದವರಿಗೂ ಕೆಲವು ಗುರುತುಗಳು ಎಚ್ಚರಿಕೆ ಕೊಡುತ್ತವೆ: ಮೊದಲಿಗಿಂತ ಕಡಿಮೆ ಬಿಸಿಗೇ ನೀಲಿ ಛಾಯೆಯ ಹೊಗೆ ಏಳುವುದು, ಒಡೆಯದೆ ನಿಲ್ಲುವ ನೊರೆ, ಝಾರಿಯಿಂದ ಎತ್ತಿದಾಗ ಜಿಗುಟಾಗಿ ಇಳಿಯುವುದು, ಮೂಗಿಗೆ ಹೊಡೆಯುವ ಕಮಟು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಎಣ್ಣೆಯನ್ನು ಅಡುಗೆಯಿಂದ ಹೊರಗಿಡುವುದು ಕ್ಷೇಮ.

ಇಲ್ಲಿ ಬಹಳ ಕಡೆ ನಡೆಯುವ ರೂಢಿಯೊಂದನ್ನು ವಿವರಿಸಬೇಕು. ಉಳಿದ ಎಣ್ಣೆಗೆ ಪ್ರತಿದಿನ ಹೊಸ ಎಣ್ಣೆ ಬೆರೆಸುತ್ತ ಹೋದರೆ ಅದು ತಾಜಾ ಆಗುತ್ತದೆಂದು ಅನೇಕರು ನಂಬಿದ್ದಾರೆ. ಬೆರೆಸಿದ ಕ್ಷಣದಲ್ಲಿ ಟಿಪಿಸಿಯ ಅಂಕಿ ಇಳಿಯುವುದು ನಿಜ. ಆದರೆ ಹಳೆಯ ಎಣ್ಣೆಯಲ್ಲಿ ಬಿಡುಗಡೆಯಾಗಿರುವ ಆಮ್ಲಗಳು ಮತ್ತು ಆಮ್ಲಜನಕ ಸೇರಿದ ಪದಾರ್ಥಗಳು ಹೊಸ ಎಣ್ಣೆಯ ಕೆಡುವಿಕೆಯನ್ನು ಚುರುಕುಗೊಳಿಸುತ್ತವೆ. ಹುಳಿ ಮೊಸರು ಉಳಿದ ತಪ್ಪಲೆಗೆ ಕಾಯಿಸಿದ ಹಾಲು ಸುರಿದರೆ ಹಾಲೂ ಹೇಗೆ ಹುಳಿಯಾಗುತ್ತದೆಯೋ, ಹಾಗೆ ಒಂದು ಡಬ್ಬಿ ಒಳ್ಳೆಯ ಎಣ್ಣೆಯೂ ತನ್ನ ಆಯುಷ್ಯ ಮುಗಿಯುವ ಮೊದಲೇ ಕೈಬಿಡುತ್ತದೆ. ಉಳಿತಾಯ ಎಂದು ತೋರುವುದು ಹಲವು ಸಲ ನಷ್ಟವೇ ಆಗಿರುತ್ತದೆ. ಕಡಲೆಹಿಟ್ಟಿನ ಚೂರುಗಳನ್ನು ಆಗಾಗ ಸೋಸುವುದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಉರಿ ತಗ್ಗಿಸುವುದು, ಉಪ್ಪನ್ನು ಬಾಣಲೆಯ ಮೇಲೆ ಉದುರಿಸದೆ ಕರಿದ ಮೇಲೆ ಹಾಕುವುದು, ಇವು ಎಣ್ಣೆಯನ್ನು ನಿಜವಾಗಿ ಬಾಳಿಸುವ ಕ್ರಮಗಳು.

50 ಲೀಟರ್ ನಿಯಮ

ಕೆಟ್ಟ ಎಣ್ಣೆಯನ್ನು ಬಳಸಬಾರದು ಎಂದಷ್ಟೇ ಹೇಳಿ ಬಿಟ್ಟರೆ ಅದು ಬೇರೆ ದಾರಿಯಲ್ಲಿ ಮತ್ತೆ ಆಹಾರಕ್ಕೇ ಬರುತ್ತದೆ. ದೊಡ್ಡ ಅಡುಗೆಮನೆಗಳಿಂದ ಹೊರಬಿದ್ದ ಎಣ್ಣೆ ಅಗ್ಗದ ದರದಲ್ಲಿ ಢಾಬಾಗಳಿಗೆ, ರಸ್ತೆ ಬದಿಯ ಅಂಗಡಿಗಳಿಗೆ ಸೇರುತ್ತಿದ್ದುದನ್ನು ಪ್ರಾಧಿಕಾರವೂ ಗುರುತಿಸಿತ್ತು. ಆದ್ದರಿಂದ 2018ರ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನದಂದು, ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಕೆಗೆ ಕಳಿಸುವ ‘ರುಕೋ’ ಎಂಬ ಕಾರ್ಯಕ್ರಮವನ್ನು ಅದು ಆರಂಭಿಸಿತು. ಅದರ ಬೆನ್ನಿಗೇ 2019ರ ಜನವರಿಯಲ್ಲಿ ಹೊರಟ ಆದೇಶ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಪ್ರತಿ ಆಹಾರ ಉದ್ದಿಮೆಯೂ ಆ ಎಣ್ಣೆಯ ದಾಖಲೆ ಇಡಬೇಕು, ಮತ್ತು ಬಳಸಿ ಉಳಿದದ್ದನ್ನು ಅಧಿಕೃತ ಸಂಗ್ರಾಹಕರಿಗೆ ಮಾತ್ರ ಕೊಡಬೇಕು ಎಂಬುದು ಅದರ ಸಾರ.

ಈ 50 ಲೀಟರ್ ಎಂಬುದು ಎಸೆಯುವ ಎಣ್ಣೆಯ ಪ್ರಮಾಣವಲ್ಲ, ಕರಿಯಲು ಬಳಸುವ ಎಣ್ಣೆಯ ಪ್ರಮಾಣ. ಇದನ್ನು ಡಬ್ಬಿಯ ಲೆಕ್ಕದಲ್ಲಿ ನೋಡಿದರೆ ಸುಲಭ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ 15 ಕಿಲೋ ತೂಕದ ಡಬ್ಬಿಯಲ್ಲಿ ಸುಮಾರು ಹದಿನಾರೂವರೆ ಲೀಟರ್ ಇರುತ್ತದೆ. ಮೂರು ಡಬ್ಬಿ ಒಡೆದರೆ ಹೆಚ್ಚುಕಡಿಮೆ 50 ಲೀಟರ್ ಆಯಿತು. 15 ಲೀಟರಿನ ಡಬ್ಬಿಯಾದರೆ ನಾಲ್ಕನೆಯದನ್ನು ಬಳಸುತ್ತಿರುವಾಗಲೇ ಗಡಿ ದಾಟಿರುತ್ತದೆ. ದೊಡ್ಡ ಫರಾಳದ ಅಂಗಡಿ, ಚಿಪ್ಸ್ ಮತ್ತು ಚಿವಡಾ ತಯಾರಿಸುವ ಘಟಕ, ಕಾರ್ಖಾನೆ ಅಥವಾ ವಿದ್ಯಾರ್ಥಿ ನಿಲಯದ ದೊಡ್ಡ ಅಡುಗೆಮನೆ ಈ ಗಡಿಯನ್ನು ದಾಟುವುದು ಕಷ್ಟವೇನಲ್ಲ. ದೀಪಾವಳಿಯ ಹೊತ್ತಿಗೆ ಅನೇಕ ಸ್ವೀಟ್ ಮಾರ್ಟ್‌ಗಳೂ ದಾಟುತ್ತವೆ.

ದಾಖಲೆಯಲ್ಲಿ ಏನಿರಬೇಕು? ಯಾವ ಎಣ್ಣೆ, ಕರಿಯಲು ತೆಗೆದುಕೊಂಡದ್ದು ಎಷ್ಟು, ದಿನದ ಕೊನೆಗೆ ಹೊರತೆಗೆದದ್ದು ಎಷ್ಟು, ಅದನ್ನು ಯಾವ ದಿನ, ಯಾವ ರೀತಿಯಲ್ಲಿ, ಯಾವ ಸಂಸ್ಥೆಗೆ ಕೊಡಲಾಯಿತು ಎಂಬಿಷ್ಟು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡರೂ ಸಾಕಾಗುವ ಕೆಲಸ ಇದು. ಒಂದು ಹೋಟೆಲು ಬೆಳಿಗ್ಗೆಯಿಂದ 60 ಲೀಟರ್ ಎಣ್ಣೆ ಸುರಿದು, ರಾತ್ರಿ 15 ಲೀಟರ್ ಹೊರತೆಗೆಯಿತು ಎಂದುಕೊಳ್ಳೋಣ. ಉಳಿದ ಪಾಲು ತಿಂಡಿಯೊಳಗೆ ಹೀರಿಕೊಂಡು ಹೋಗಿದೆ ಎಂಬುದು ಅರ್ಥವಾಗುವ ಮಾತು. ಆದರೆ ಅಷ್ಟೇ ಎಣ್ಣೆ ಕೊಳ್ಳುತ್ತಿರುವ ಹೋಟೆಲಿನ ಪುಸ್ತಕದಲ್ಲಿ ತಿಂಗಳುಗಟ್ಟಲೆ ಹೊರತೆಗೆದ ಎಣ್ಣೆಯ ಅಂಕಣ ಖಾಲಿ ಇದ್ದರೆ, ಅಲ್ಲಿನ ಎಣ್ಣೆ ಬಾಣಲೆಯಲ್ಲೇ ಕೊನೆಯ ಹನಿಯವರೆಗೂ ಸುತ್ತುತ್ತಿದೆಯೇ ಅಥವಾ ಹಿಂಬಾಗಿಲಿನಿಂದ ಮಾರಾಟವಾಗುತ್ತಿದೆಯೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಖರೀದಿ ಬಿಲ್ಲು ಒಂದು ಕಡೆ, ಹಸ್ತಾಂತರದ ರಸೀದಿ ಇನ್ನೊಂದು ಕಡೆ ಇದ್ದಾಗ ಇವೆರಡರ ತಾಳೆ ನೋಡಲು ಅಧಿಕಾರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪ್ರಾಮಾಣಿಕವಾಗಿ ನಡೆದುಕೊಳ್ಳುವ ಮಾಲೀಕರಿಗೆ ಈ ಪುಸ್ತಕವೇ ದೊಡ್ಡ ರಕ್ಷಣೆ.

ಯಾರಿಗೆ ಕೊಡಬೇಕು

ಎಫ್‌ಎಸ್‌ಎಸ್‌ಎಐ ತನ್ನಲ್ಲಿ ಹೆಸರು ನೋಂದಾಯಿಸಿಕೊಂಡ ಸಂಗ್ರಾಹಕರ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಎಣ್ಣೆ ಕೇಳಿಕೊಂಡು ಬಂದವರ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಗಳ ಕಚೇರಿಯಲ್ಲೂ ವಿಚಾರಿಸಬಹುದು. ಕೊಟ್ಟ ಎಣ್ಣೆಯ ಪ್ರಮಾಣ, ದಿನಾಂಕ ಮತ್ತು ಸಂಸ್ಥೆಯ ಹೆಸರಿರುವ ರಸೀದಿಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಬೇಕು. ಗುಜರಿಯವರಿಗೆ ಬಾಯಿಮಾತಿನ ಮೇಲೆ, ನಗದಿಗೆ ಕೊಟ್ಟ ಎಣ್ಣೆ ಎಲ್ಲಿಗೆ ಹೋಯಿತು ಎಂದು ಮಾಲೀಕರು ಯಾರಿಗೂ ತೋರಿಸಿಕೊಡಲಾರರು.

ಇನ್ನೊಂದು ಗೊಂದಲವೂ ಇದೆ. ಗ್ಯಾರೇಜುಗಳಿಂದ ಇಂಜಿನ್ ಆಯಿಲ್ ಒಯ್ಯುವ ಕೆಲವರು ತಮ್ಮ ಬಳಿ ಬಳಸಿದ ಎಣ್ಣೆಯ ಪರವಾನಗಿ ಇದೆ ಎಂದು ಕಾಗದ ತೋರಿಸಬಹುದು. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿಯದು. ಆ ನಿಯಮಗಳು ಬಳಸಿದ ಎಣ್ಣೆ ಎಂದು ಕರೆಯುವುದು ಕಚ್ಚಾತೈಲದಿಂದ ಬಂದ ಅಥವಾ ಕೃತಕವಾಗಿ ತಯಾರಿಸಿದ ಎಣ್ಣೆಯನ್ನು. ಭಜಿ ಕರಿದ ಎಣ್ಣೆ ಆ ಗುಂಪಿಗೆ ಸೇರುವುದಿಲ್ಲ, ಆ ಪರವಾನಗಿ ಇಲ್ಲಿ ಸಲ್ಲುವುದೂ ಇಲ್ಲ.

ಕೊಡುವವರೆಗೆ ಇಟ್ಟುಕೊಳ್ಳುವುದರಲ್ಲೂ ಜಾಗ್ರತೆ ಬೇಕು. ಎಣ್ಣೆ ಪೂರ್ತಿ ಆರಿದ ಮೇಲೆ ಸೋಸಿ, ಮುಚ್ಚಳವಿರುವ ಪಾತ್ರೆಗೆ ತುಂಬಿ, ಅದರ ಮೇಲೆ ‘ಬಳಸಿದ ಎಣ್ಣೆ, ಅಡುಗೆಗೆ ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ತಾಜಾ ಎಣ್ಣೆಯ ಡಬ್ಬಿಗಳಿಂದ ದೂರ ಇಡಬೇಕು. ಹೊಸದಾಗಿ ಸೇರಿದ ಕೆಲಸದ ಹುಡುಗ ಅವಸರದಲ್ಲಿ ಯಾವ ಡಬ್ಬಿ ಎತ್ತಿಕೊಂಡಾನು ಎಂಬುದನ್ನು ಯೋಚಿಸಿದರೆ ಈ ಬರಹದ ಅಗತ್ಯ ತಿಳಿಯುತ್ತದೆ.

ಚರಂಡಿಗೆ ಸುರಿದರೆ

ಆಹಾರದ ಕಾನೂನಿನ ಹೊರಗೆ ನೀರಿನ ಕಾನೂನೂ ಇದೆ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮು ಮಾಲಿನ್ಯಕಾರಕ ವಸ್ತುವನ್ನು ತಿಳಿದೂ ಹಳ್ಳ, ಬಾವಿ, ಒಳಚರಂಡಿ ಅಥವಾ ನೆಲಕ್ಕೆ ಬಿಡುವುದನ್ನು ನಿಷೇಧಿಸುತ್ತದೆ. ಹೊರಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಎಷ್ಟಿರಬಹುದು ಎಂಬುದಕ್ಕೆ ಪರಿಸರ ಸಂರಕ್ಷಣಾ ನಿಯಮಗಳು ಮಿತಿ ಹಾಕಿವೆ: ಹಳ್ಳ, ನದಿಗಳಿಗೆ ಬಿಡುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗೆ 20 ಮಿಲಿಗ್ರಾಂ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 9 ಲಕ್ಷ ಮಿಲಿಗ್ರಾಂ. ಅದನ್ನು ಒಳಚರಂಡಿಯ ಮಿತಿಗೆ ಇಳಿಸಲು 45,000 ಲೀಟರಿನಷ್ಟು ನೀರು ಬೇಕು ಎಂಬ ಲೆಕ್ಕ ಹಾಕಿದರೆ, ರಾತ್ರಿ ಮೋರಿಗೆ ಸುರಿಯುವ ಒಂದು ಚರಿಗೆ ಎಣ್ಣೆಯ ಭಾರ ಎಷ್ಟೆಂಬುದು ಅರಿವಾಗುತ್ತದೆ.

ಎಣ್ಣೆ ಕೊಳವೆಯಲ್ಲಿ ತಣ್ಣಗಾಗಿ ಗೋಡೆಗೆ ಅಂಟುತ್ತದೆ, ನೀರಿನ ಸುಣ್ಣದಂಶದೊಂದಿಗೆ ಸೇರಿ ಸಾಬೂನಿನಂತಹ ಗಟ್ಟಿ ಪದರವಾಗುತ್ತದೆ, ಪ್ಲಾಸ್ಟಿಕ್ ಮತ್ತು ಕಸ ಅದಕ್ಕೆ ಸಿಕ್ಕಿಕೊಂಡು ಮ್ಯಾನ್‌ಹೋಲ್ ಉಕ್ಕುತ್ತದೆ. ತೆರೆದ ನೀರಿಗೆ ಸೇರಿದರೆ ಮೇಲೆ ಪೊರೆ ಕಟ್ಟಿ ಗಾಳಿಯ ಆಮ್ಲಜನಕ ಒಳಗೆ ಇಳಿಯದಂತೆ ತಡೆಯುತ್ತದೆ. ಬೆಳಗಾವಿಯ ಕೊಳಚೆ ಹೊತ್ತು ಸಾಗುವ ಬಳ್ಳಾರಿ ನಾಲೆಯ ಇಕ್ಕೆಲದ ಹೊಲಗಳಿಗೆ ಮಳೆಗಾಲದಲ್ಲಿ ಅದೇ ನೀರು ನುಗ್ಗುತ್ತದೆ. ಪೇಟೆಯ ಜಿಡ್ಡಿನ ಹೊರೆಯನ್ನು ಭತ್ತ ಬೆಳೆಯುವ ರೈತರು ಹೊರಬೇಕಾಗಿರುವುದು ನ್ಯಾಯವಲ್ಲ. ಪಾತ್ರೆ ತೊಳೆಯುವ ನೀರಿನ ಜೊತೆ ಹೋಗುವ ಜಿಡ್ಡನ್ನು ಹಿಡಿಯಲು ಮೋರಿಗೆ ಮೊದಲು ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿಕೊಳ್ಳಬಹುದು. ಎಣ್ಣೆ ತೇಲುವ ಗುಣವನ್ನೇ ಬಳಸಿ ಅದು ನೀರನ್ನು ಕೆಳಗಿನಿಂದ ಹೊರಬಿಡುತ್ತದೆ.

ಸಂಗ್ರಹವಾದ ಎಣ್ಣೆ ಏನಾಗುತ್ತದೆ

ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕ್ಷಾರವನ್ನು ಸೇರಿಸಿ ಬಿಸಿ ಮಾಡಿದಾಗ ಕೊಬ್ಬಿನಾಮ್ಲಗಳು ಗ್ಲಿಸರಿನ್ನಿನ ಬೆನ್ನು ಬಿಟ್ಟು ಮೆಥನಾಲ್ ಜೊತೆ ಸೇರುತ್ತವೆ. ಹೀಗೆ ಹುಟ್ಟುವುದೇ ಜೈವಿಕ ಡೀಸೆಲ್. ಭಾರವಾದ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಎಣ್ಣೆಯಲ್ಲಿ ನೀರು ಬೆರೆತಿದ್ದರೆ ಡೀಸೆಲ್ ಬದಲು ಸಾಬೂನು ಹುಟ್ಟಿ ಇಳುವರಿ ಕುಸಿಯುವುದರಿಂದ ಸಂಗ್ರಾಹಕರು ನೀರಿಲ್ಲದ, ಸೋಸಿದ ಎಣ್ಣೆಯನ್ನೇ ಕೇಳುತ್ತಾರೆ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಬಳಸಿದ ಅಡುಗೆ ಎಣ್ಣೆಯನ್ನು ಕಚ್ಚಾವಸ್ತುವಾಗಿ ಹೆಸರಿಸಿದೆ; 2030ರ ಹೊತ್ತಿಗೆ ಡೀಸೆಲಿನಲ್ಲಿ ಶೇ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿದೆ. 2019ರಲ್ಲಿ ಸರ್ಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂತಹ ಡೀಸೆಲ್ ಕೊಳ್ಳುವ ಯೋಜನೆ ಪ್ರಕಟಿಸಿ, ಮೊದಲ ವರ್ಷಕ್ಕೆ ಲೀಟರಿಗೆ 51 ರೂಪಾಯಿ ದರ ಘೋಷಿಸಿದವು. ದೇಶದಲ್ಲಿ ವರ್ಷಕ್ಕೆ ಸುಮಾರು 2,700 ಕೋಟಿ ಲೀಟರ್ ಅಡುಗೆ ಎಣ್ಣೆ ಬಳಕೆಯಾಗುತ್ತದೆ, ಅದರಲ್ಲಿ ಹೋಟೆಲ್, ಕ್ಯಾಂಟೀನುಗಳಂತಹ ದೊಡ್ಡ ಬಳಕೆದಾರರಿಂದ 140 ಕೋಟಿ ಲೀಟರ್ ಮರಳಿ ಸಂಗ್ರಹಿಸಬಹುದು ಎಂಬುದು ಆಗ ಸರ್ಕಾರ ಕೊಟ್ಟ ಅಂದಾಜು.

ತಪ್ಪಿದರೆ ಏನು

ಆಹಾರ ಸುರಕ್ಷತಾಧಿಕಾರಿಗಳು ಅಂಗಡಿಗೆ ಬಂದು ಎಣ್ಣೆಯ ಮಾದರಿಯನ್ನು ಪಡೆಯಬಹುದು, ದಾಖಲೆ ಕೇಳಬಹುದು. ವಿಶ್ಲೇಷಕರು ಸಾಮಾನ್ಯವಾಗಿ 14 ದಿನಗಳಲ್ಲಿ ವರದಿ ಕೊಡಬೇಕು. ಅದನ್ನು ಒಪ್ಪದ ವ್ಯಾಪಾರಿ 30 ದಿನಗಳೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಸರಿಪಡಿಸಬಹುದಾದ ಲೋಪಕ್ಕೆ ಕಾಯ್ದೆಯ 32ನೇ ಕಲಮಿನಡಿ ಸುಧಾರಣಾ ನೋಟಿಸು ಬರುತ್ತದೆ. ಅದನ್ನು ಪಾಲಿಸದಿದ್ದರೆ ಪರವಾನಗಿ ಅಮಾನತಾಗಬಹುದು, ಮುಂದೆ ರದ್ದೂ ಆಗಬಹುದು. ನೈರ್ಮಲ್ಯವಿಲ್ಲದ ತಯಾರಿಕೆಗೆ 1 ಲಕ್ಷ ರೂಪಾಯಿವರೆಗೆ, ಅಧಿಕಾರಿಯ ಸೂಚನೆಯನ್ನು ಕಾರಣವಿಲ್ಲದೆ ಕಡೆಗಣಿಸಿದರೆ 2 ಲಕ್ಷದವರೆಗೆ ದಂಡವಿದೆ. ಆಹಾರ ಅಸುರಕ್ಷಿತ ಎಂದು ಸಾಬೀತಾದರೆ ಜೈಲು ಶಿಕ್ಷೆಗೂ ಅವಕಾಶವಿದೆ. ದಂಡದ ಪ್ರಕರಣಗಳನ್ನು ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಿಚಾರಣೆ ಮಾಡುತ್ತಾರೆ. ತಪ್ಪಿನಿಂದ ಬಂದ ಲಾಭ, ಮತ್ತೆ ಮತ್ತೆ ಮಾಡಿದ್ದೇ, ತಿಳಿದೂ ಮಾಡಿದ್ದೇ ಎಂಬುದನ್ನು ದಂಡ ನಿಗದಿ ಮಾಡುವಾಗ ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಚಿಕ್ಕ ಗಾಡಿ, ಜಾತ್ರೆ, ಮದುವೆ ಮನೆ

ದಿನಕ್ಕೆ ಐದಾರು ಲೀಟರ್ ಬಳಸುವ ಗಾಡಿಯವರಿಗೆ ದಾಖಲೆ ಪುಸ್ತಕದ ಕಡ್ಡಾಯವಿಲ್ಲ. ಶೇ 25ರ ಗೆರೆಯೂ ಚರಂಡಿಯ ನಿಷೇಧವೂ ಅವರಿಗೆ ಇದ್ದೇ ಇವೆ. ಅವರ ನಿಜವಾದ ಕಷ್ಟ ಬೇರೆ: ಒಂದು ಲೀಟರ್ ಎಣ್ಣೆಗಾಗಿ ಸಂಗ್ರಾಹಕರ ಗಾಡಿ ಓಣಿಗೆ ಬರುವುದಿಲ್ಲ. ಒಂದೇ ಬೀದಿಯ ಏಳೆಂಟು ಅಂಗಡಿಯವರು ಸೇರಿ ಒಂದು ಗಟ್ಟಿ ಪಾತ್ರೆಯಲ್ಲಿ ಕೂಡಿಸಿ, ತುಂಬಿದಾಗ ಒಟ್ಟಿಗೆ ಕರೆಸುವುದು ಕಾರ್ಯಸಾಧ್ಯವಾದ ದಾರಿ. ಬೀದಿ ವ್ಯಾಪಾರಿಗಳ ಸಂಘಗಳು ಈ ಕೆಲಸ ಕೈಗೆತ್ತಿಕೊಂಡರೆ ಅನುಕೂಲ ಹೆಚ್ಚು.

ಸವದತ್ತಿ ಯಲ್ಲಮ್ಮನ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ವಿಜಯಪುರದ ಸಿದ್ಧೇಶ್ವರ ಜಾತ್ರೆಗಳಲ್ಲಿ ಹೂಡುವ ತಾತ್ಕಾಲಿಕ ಅಂಗಡಿಗಳೂ ಆಹಾರ ಉದ್ದಿಮೆಗಳೇ. ಅವುಗಳಿಗೂ ನೋಂದಣಿ ಬೇಕು. ಜಾತ್ರೆ ಮುಗಿದ ದಿನ ಬಾಣಲೆಯಲ್ಲಿ ಉಳಿದದ್ದನ್ನು ಬಯಲಿಗೆ ಚೆಲ್ಲಿ ಹೋಗುವುದು ನೆಲಕ್ಕೆ ಮಾಲಿನ್ಯ ಬಿಟ್ಟಂತೆಯೇ ಆಗುತ್ತದೆ.

ಮದುವೆ, ಸೀಮಂತಗಳ ಅಡುಗೆ ಗುತ್ತಿಗೆ ಹಿಡಿಯುವವರೂ ಕಾನೂನಿನ ಕಣ್ಣಿನಲ್ಲಿ ಆಹಾರ ಉದ್ದಿಮೆದಾರರು. ಪೂರಿ, ಭಜಿ, ಹಪ್ಪಳ, ಸಂಡಿಗೆ ಎಲ್ಲ ಇರುವ ದೊಡ್ಡ ಮದುವೆಯಲ್ಲಿ ಮೂರು ಡಬ್ಬಿ ಎಣ್ಣೆ ದಾಟುವುದು ಅಪರೂಪವಲ್ಲ. ಉಳಿದ ಎಣ್ಣೆಯನ್ನು ಅಡುಗೆಯವರು ಮುಂದಿನ ಮದುವೆಗೆ ಒಯ್ಯುತ್ತಾರೆಯೋ, ಕಲ್ಯಾಣ ಮಂಟಪದ ಹಿಂದೆ ಸುರಿಯುತ್ತಾರೆಯೋ ಎಂಬುದನ್ನು ಗುತ್ತಿಗೆ ಮಾತಾಡುವಾಗಲೇ ಕೇಳಿ, ಅದು ಸಂಗ್ರಾಹಕರಿಗೆ ಹೋಗಬೇಕೆಂದು ಬರೆಸಿಕೊಳ್ಳಬಹುದು. ಮನೆಯ ಅಡುಗೆಗೆ ಈ ಲೆಕ್ಕಪತ್ರಗಳಾವುವೂ ಅನ್ವಯಿಸುವುದಿಲ್ಲ. ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಪಲ್ಯ, ಸಾರಿನ ಒಗ್ಗರಣೆಗೆ ಬಳಸಿ ಮುಗಿಸಬಹುದು. ಕೆಟ್ಟದ್ದನ್ನು ಹಳೆಯ ಬಟ್ಟೆ ಅಥವಾ ಕಾಗದಕ್ಕೆ ಹೀರಿಸಿ ಕಸದ ಬುಟ್ಟಿಗೆ ಹಾಕಬೇಕು, ಬಚ್ಚಲಿಗೆ ಸುರಿಯಬಾರದು.